ಬೆನ್ನ ಹಿಂದಿನ ಕ್ಲಿಪ್ಪು

ನಮ್ಮ ಬಟ್ಟೆ ಅಂಗಡಿಯಲ್ಲಿ ಮೆಟ್ಟಿಲ ಕೆಳಗೆ ಒಂದು ಮೂಲೆಯಿದೆ. ನಿಂತರೆ ತಲೆ ತಾಗುತ್ತದೆ, ಕೂತರೆ ಪರವಾಗಿಲ್ಲ. ಅಲ್ಲಿ ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿ ಪೆಟ್ಟಿಗೆ, ಮತ್ತು ನಾನು. ಮೇಲೆ ಕೊಂಡ ಬಟ್ಟೆ ಮೈಗೆ ಸರಿಹೋಗದಿದ್ದರೆ ಗಿರಾಕಿಗಳು ಇಳಿದು ನನ್ನ ಹತ್ತಿರ ಬರುತ್ತಾರೆ. ಉದ್ದವಾದರೆ ಮಡಚುತ್ತೇನೆ, ಸಡಿಲವಾದರೆ ಹಿಡಿಯುತ್ತೇನೆ, ಬಿಗಿಯಾದರೆ ಹೊಲಿಗೆ ಬಿಚ್ಚಿ ಬಿಡಿಸುತ್ತೇನೆ. ಎಲ್ಲರೂ ನನ್ನನ್ನು ಮಾಸ್ಟ್ರೇ ಎನ್ನುತ್ತಾರೆ. ನಾನು ಯಾರಿಗೂ ಪಾಠ ಹೇಳಿದವನಲ್ಲ, ಆದರೂ ಸಿಕ್ಕ ಮರ್ಯಾದೆಯನ್ನು ಬೇಡ ಎಂದವನೂ ಅಲ್ಲ. ಈ ಮೂಲೆಯಿಂದ ಮೇಲೆ ಹತ್ತುವವರ ಪಾದ ಮಾತ್ರ ಕಾಣುತ್ತದೆ. ಪಾದ ನೋಡಿಯೇ ಆಸಾಮಿ ಯಾರು, ಯಾವ ಮೂಡಿನಲ್ಲಿದ್ದಾರೆ ಎಂದು ಹೇಳುವಷ್ಟು ವರ್ಷ ಇಲ್ಲಿ ಕೂತಿದ್ದೇನೆ.

ಮೆಟ್ಟಿಲು ಹತ್ತಿದರೆ ಸಿಗುವುದು ಟ್ರಯಲ್ ರೂಮುಗಳು. ಅವುಗಳ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುವವಳು ಕ್ಲಿಪ್ಪಕ್ಕ. ಅವಳಿಗೊಂದು ನಿಜವಾದ ಹೆಸರಿದೆ, ಅದು ಸಂಬಳದ ದಿನ ಮಾತ್ರ ಕೇಳಿಬರುತ್ತದೆ. ಉಳಿದ ದಿನಗಳಲ್ಲಿ ಯಜಮಾನರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ಕ್ಲಿಪ್ಪಕ್ಕನೇ. ಅಂಗಡಿ ಕೊಟ್ಟ ಬೂದು ಬಣ್ಣದ ಕೋಟಿನ ಎರಡೂ ಜೇಬಿನ ತುಂಬ ಕಪ್ಪು ಕ್ಲಿಪ್ಪು. ಅವಳು ನಡೆದರೆ ಜೇಬು ಕಟಕಟ ಎನ್ನುತ್ತದೆ. ಹೀಗಾಗಿ ಅವಳಿಗೆ ಕದ್ದು ಯಾರ ಮಾತನ್ನೂ ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ. ಆ ಕೆಲಸವನ್ನು ಮೆಟ್ಟಿಲ ಕೆಳಗೆ ಕೂತು ನಾನು ಮಾಡುತ್ತಿದ್ದೆ.

ಕ್ಲಿಪ್ಪು ಯಾಕೆಂದರೆ, ಗಾಜಿನ ಶೋಕೇಸಿನ ಗೊಂಬೆಗಳಿಗೆ ಬಟ್ಟೆ ತೊಡಿಸುವುದೂ ಅವಳದೇ ಕೆಲಸ. ಆ ಗೊಂಬೆಗಳ ಸೊಂಟ ನನ್ನ ತೊಡೆಗಿಂತ ಸಣ್ಣದು. ಬಟ್ಟೆ ಮಾತ್ರ ಮನುಷ್ಯರ ಅಳತೆಯಲ್ಲಿ ಬರುತ್ತದೆ. ಕ್ಲಿಪ್ಪಕ್ಕ ಹೆಚ್ಚಾದ ಬಟ್ಟೆಯನ್ನೆಲ್ಲ ಹಿಂದಕ್ಕೆ ಎಳೆದು, ಸುರುಳಿ ಸುತ್ತಿ, ಬೆನ್ನುದ್ದಕ್ಕೂ ಕ್ಲಿಪ್ಪು ಕಚ್ಚಿಸಿಬಿಡುತ್ತಾಳೆ. ಮುಂದಿನಿಂದ ನೋಡಿದರೆ ಎರಕ ಹೊಯ್ದ ಹಾಗೆ, ಹಿಂದಿನಿಂದ ನೋಡಿದರೆ ಮುಳ್ಳುಹಂದಿ. ನಮ್ಮ ಗೊಂಬೆಗಳೆಲ್ಲ ಗೋಡೆಗೆ ಬೆನ್ನು ಹಚ್ಚಿ ನಿಂತಿರುವುದು ನಾಚಿಕೆಯಿಂದಲ್ಲ.

ಅವಳು ಅವುಗಳನ್ನು ತನ್ನ ಸೊಸೆಯರು ಎನ್ನುತ್ತಿದ್ದಳು. "ಇಂಥ ಸೊಸೆಯರು ಎಲ್ಲಿ ಸಿಗ್ತಾರೆ ಮಾಸ್ಟ್ರೇ? ಕೊಟ್ಟಿದ್ದು ಹಾಕ್ಕೋತಾರೆ, ಎದುರು ಮಾತಾಡಲ್ಲ, ತಟ್ಟೆ ಮುಂದೆ ಕೂತು ಉಪ್ಪು ಕಮ್ಮಿ ಅನ್ನಲ್ಲ."

"ಅವಕ್ಕೆ ತಲೇನೇ ಇಲ್ವಲ್ಲಕ್ಕ," ಎಂದೆ ಒಮ್ಮೆ.

"ಅದಕ್ಕೇ," ಎಂದು ಹೇಳಿ ಕಟಕಟ ಎನ್ನುತ್ತ ಹೋದಳು.

ಟ್ರಯಲ್ ರೂಮಿನ ಬಾಗಿಲ ಹಿಂದಿನಿಂದ ಬರುವ ನಿಟ್ಟುಸಿರುಗಳ ಬಗ್ಗೆ ಅವಳಷ್ಟು ತಿಳಿದವರು ಇನ್ನೊಬ್ಬರಿಲ್ಲ. ಹುಡುಗಿಯರು ಫೋನಿನಲ್ಲಿ ಯಾರದ್ದೋ ಚಿತ್ರ ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಒಳಗೆ ಒಂದಷ್ಟು ಹೊತ್ತು ಸರಬರ ಸದ್ದು, ಆಮೇಲೆ ಸುಮ್ಮನಾಗುತ್ತದೆ, ಆಮೇಲೆ ಆ ನಿಟ್ಟುಸಿರು. ಹುಡುಗರೇನೂ ಕಮ್ಮಿಯಿಲ್ಲ, ಅವರು ಹೊಟ್ಟೆ ಒಳಗೆಳೆದುಕೊಂಡು ಉಸಿರೇ ಬಿಡದೆ ಆಚೆ ಬರುತ್ತಾರೆ. ಮುಖ ಬಾಡಿಸಿಕೊಂಡು ಬಂದವರಿಗೆಲ್ಲ ಕ್ಲಿಪ್ಪಕ್ಕ ಹೇಳುವುದು ಒಂದೇ ಮಾತು. "ಬಟ್ಟೆ ತಪ್ಪಮ್ಮ ಇದು, ನಿಂದಲ್ಲ. ಕೆಳಗೆ ಮಾಸ್ಟ್ರು ಇದ್ದಾರೆ, ಹೋಗು."

ಯಜಮಾನರಿಗೆ ಇದು ಹಿಡಿಸುತ್ತಿರಲಿಲ್ಲ. "ಅಂಗಡಿ ಮಾಲನ್ನ ನೀನೇ ಬೈದ್ರೆ ಹೇಗಮ್ಮ?" ಎಂದು ಕೇಳುತ್ತಿದ್ದರು.

"ಬೈದ್ಮೇಲೇ ಸಾರ್ ಅವರು ತಗೊಳ್ಳೋದು," ಎನ್ನುತ್ತಿದ್ದಳು. ಅದೂ ನಿಜವೇ. ಸಮಾಧಾನವಾದ ಹುಡುಗಿ ಬಟ್ಟೆಯನ್ನೂ ಕೊಳ್ಳುತ್ತಿದ್ದಳು, ನನಗೂ ಕೆಲಸ ಕೊಡುತ್ತಿದ್ದಳು.

ಕ್ಲಿಪ್ಪಕ್ಕನ ಗಂಡ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಜಾಸ್ತಿ. ಇರುವವಳೊಬ್ಬಳೇ ಮಗಳು, ಕಾಲೇಜು ಓದುತ್ತಿದ್ದಳು. ಹುಟ್ಟಿದಾಗ ಆಸ್ಪತ್ರೆಯ ನರ್ಸಮ್ಮ ಎತ್ತಿಕೊಂಡು "ಏನಮ್ಮ ಇಷ್ಟು ಗುಂಡುಗುಂಡಾಗಿದೆ" ಎಂದಿದ್ದಳಂತೆ. ಅಂದಿನಿಂದ ಅವಳು ಗುಂಡು. ಕಾಲೇಜು ಮುಗಿಸಿ ಅಮ್ಮನಿಗೆ ಊಟದ ಡಬ್ಬಿ ತಂದುಕೊಟ್ಟು, ಅದರಲ್ಲಿ ತಾನೂ ಪಾಲು ತಿಂದು, ನನ್ನ ಮಿಷನ್ ಪಕ್ಕ ಕೂತು ಬಣ್ಣದ ಚಿಂದಿ ಆರಿಸಿಕೊಂಡು ಹೋಗುತ್ತಿದ್ದಳು. ಅವಳು ಸಣ್ಣಗೂ ಇರಲಿಲ್ಲ, ದಪ್ಪಗೂ ಇರಲಿಲ್ಲ. ಹೊಟ್ಟೆ ತುಂಬ ಉಂಡು ಬೆಳೆದ ಹುಡುಗಿ ಹೇಗಿರಬೇಕೋ ಹಾಗಿದ್ದಳು. ಮೆಟ್ಟಿಲನ್ನು ದಡದಡ ಹತ್ತುತ್ತಿದ್ದಳು, ಮೇಲಿನಿಂದ ಧೂಳು ನನ್ನ ಟೀ ಲೋಟಕ್ಕೆ ಉದುರುತ್ತಿತ್ತು. ಎಷ್ಟು ಗದರಿದರೂ ಅವಳು ಕಿವಿಗೆ ಹಾಕಿಕೊಂಡವಳಲ್ಲ.

ಹೀಗಿರುವಾಗ ನಮ್ಮ ಯಜಮಾನರಿಗೆ ಲೈವ್ ಹುಚ್ಚು ಹಿಡಿಯಿತು. ಎದುರು ಅಂಗಡಿಯವನು ಫೋನಿನಲ್ಲಿ ಲೈವ್ ಬಂದು ಮಾಲು ಮಾರುತ್ತಿದ್ದಾನೆ ಎಂದು ಕಿವಿಗೆ ಬಿದ್ದದ್ದೇ ತಡ, ಎರಡನೆ ಮಹಡಿಯಲ್ಲಿ ಬಿಳಿ ಪರದೆ, ಬಳೆಯಂಥ ದುಂಡು ದೀಪ, ಫೋನಿಗೊಂದು ಸ್ಟ್ಯಾಂಡು ಎಲ್ಲ ಬಂತು. ಆ ಫೋನಿಗೆ ನೋಡಿದವರನ್ನೆಲ್ಲ ಸುಂದರ ಮಾಡುವ ಗುಣವಿತ್ತು. ಮೊದಲ ದಿನ ಯಜಮಾನರು ತಾವೇ ನಿಂತು ಸ್ವಾಗತ ಹೇಳಿದರು. ಫೋನು ಅವರ ಸುಕ್ಕನ್ನೆಲ್ಲ ಒರೆಸಿ, ತುಟಿಗೆ ಕೆಂಪು ಬಳಿದು, ಮೀಸೆಯನ್ನು ಅರ್ಧ ನುಂಗಿಹಾಕಿತು. ಮನೆಯಲ್ಲಿ ನೋಡುತ್ತಿದ್ದ ಅವರ ಹೆಂಡತಿ "ಯಾರು ಇವಳು" ಎಂದು ಕೇಳಿದರಂತೆ. ನಾವೆಲ್ಲ ಮರೆಯಲ್ಲಿ ನಿಂತು ನಕ್ಕೆವು. ನಗುವ ಹಕ್ಕು ನನಗೆ ಅಷ್ಟಾಗಿ ಇರಲಿಲ್ಲ ಎನ್ನಿ. ನನ್ನ ಫೋನಿನಲ್ಲಿ ಹಾಕಿಕೊಂಡಿರುವ ಫೋಟೋ ಮದುವೆಗೂ ಮುಂಚಿನದು, ಅದರಲ್ಲಿ ಕೂದಲಿದೆ.

ಬಟ್ಟೆ ತೊಟ್ಟು ತೋರಿಸಲು ಗೊತ್ತು ಮಾಡಿದ್ದ ಹುಡುಗಿ ಒಂದು ದಿನ ಕೈಕೊಟ್ಟಳು. ಲೈವ್ ಶುರುವಾಗುವ ಹೊತ್ತು. ಯಜಮಾನರು ಮೆಟ್ಟಿಲ ಮೇಲೆ ಕೈ ಹಿಸುಕಿಕೊಳ್ಳುತ್ತ ನಿಂತಿದ್ದಾಗ ಗುಂಡು ಡಬ್ಬಿ ಹಿಡಿದು ದಡದಡ ಹತ್ತಿಬಂದಳು. ಅವರು ಅವಳನ್ನೊಮ್ಮೆ ನೋಡಿದರು, ತಾಯಿಯನ್ನೊಮ್ಮೆ ನೋಡಿದರು. "ಇವಳೇ ನಿಲ್ಲಲಿ. ಉಳಿದಿದ್ದು ನಿನ್ನ ಕೈಲಿದೆಯಲ್ಲಮ್ಮ," ಎಂದರು.

ಕ್ಲಿಪ್ಪಕ್ಕನಿಗೆ ಹೆಮ್ಮೆಯೋ ಹೆಮ್ಮೆ. ನೀಲಿ ಗೌನೊಂದನ್ನು ಮಗಳಿಗೆ ತೊಡಿಸಿ, ಹಿಂದೆ ಎಳೆದೆಳೆದು ಕ್ಲಿಪ್ಪು ಹಾಕಿದಳು. "ಉಸಿರು ಒಳಗೆ ತಗೋ. ಹಾಂ. ಈಗ ಏನೇ ಆಗ್ಲಿ, ಹಿಂದಕ್ಕೆ ತಿರುಗಬೇಡ," ಎಂದು ಹೇಳಿಕೊಟ್ಟಳು. ಉಳಿದದ್ದನ್ನು ಫೋನು ನೋಡಿಕೊಂಡಿತು. ಗುಂಡು ಒಂದೊಂದು ಬಟ್ಟೆ ತೋರಿಸಿ ಏಡಿಯ ಹಾಗೆ ಅಡ್ಡಡ್ಡ ನಡೆದು ಪರದೆ ಹಿಂದೆ ಹೋಗುವಳು, ಇನ್ನೊಂದು ತೊಟ್ಟು ಅಡ್ಡಡ್ಡವೇ ಬರುವಳು. ಫೋನಿನ ಮೇಲೆ ಕೆಂಪು ಹೃದಯಗಳು ಬುಳುಬುಳು ಎದ್ದವು. ಏನ್ ಫಿಗರ್ ಎಂದು ಒಬ್ಬ ಬರೆದ. ಅಕ್ಕ ನಿಮ್ಮ ಡಯಟ್ ಏನು ಹೇಳಿ ಪ್ಲೀಸ್ ಎಂದು ಒಬ್ಬಳು ಕೇಳಿದಳು. ಆ ಅಕ್ಕ ಅಂದು ಅಮ್ಮನ ಡಬ್ಬಿಯಲ್ಲಿ ಅಮ್ಮನಿಗೇನೂ ಉಳಿಸಿರಲಿಲ್ಲ.

ಆ ವಿಡಿಯೋವನ್ನು ತಾಯಿ ಮಗಳು ಇಬ್ಬರೂ ನನ್ನ ಮೂಲೆಯಲ್ಲೇ ಕೂತು ಮತ್ತೆ ಮತ್ತೆ ನೋಡಿದರು. ತಾಯಿ ತನ್ನ ಕೈಚಳಕ ನೋಡುತ್ತಿದ್ದಳು, ಮಗಳು ತನ್ನ ಸೊಂಟ ನೋಡುತ್ತಿದ್ದಳು. ನಾನು ಎರಡನ್ನೂ ನೋಡಿ ಟೀ ಕುಡಿದೆ. ಏನೂ ಅನ್ನಿಸಲಿಲ್ಲ.

ಅಂದಿನಿಂದ ಗುಂಡುವೇ ನಮ್ಮ ಅಂಗಡಿಯ ಹುಡುಗಿಯಾದಳು. ವಾರಕ್ಕೊಂದು ಲೈವ್. ನಿಧಾನಕ್ಕೆ ಅವಳು ಕನ್ನಡಿ ನೋಡುವುದನ್ನು ಬಿಟ್ಟಳು. ಕನ್ನಡಿ ಸುಳ್ಳು ಹೇಳುತ್ತಿದೆ, ಫೋನು ನಿಜ ಹೇಳುತ್ತಿದೆ ಎಂದು ಅವಳ ತಲೆಗೆ ಹೊಕ್ಕಿತು. ಅಮ್ಮನ ಜೇಬಿನಿಂದ ಕ್ಲಿಪ್ಪು ಕದ್ದು ಕಾಲೇಜಿಗೂ ಹಾಕಿಕೊಂಡು ಹೋಗತೊಡಗಿದಳು. ಬೆನ್ನಿಗೆ ಬ್ಯಾಗು, ಬ್ಯಾಗಿನ ಕೆಳಗೆ ಕ್ಲಿಪ್ಪು. ಪಾಠದ ಹೊತ್ತಿಗೂ ಬ್ಯಾಗು ಇಳಿಸುತ್ತಿರಲಿಲ್ಲ, ಬೆಂಚಿಗೆ ಒರಗುತ್ತಿರಲಿಲ್ಲ. ಅಷ್ಟು ಶ್ರದ್ಧೆಯಿಂದ ನೆಟ್ಟಗೆ ಕೂತು ಪಾಠ ಕೇಳುವ ಹುಡುಗಿ ಇನ್ನೊಬ್ಬಳಿಲ್ಲ ಎಂದು ಲೆಕ್ಚರರು ಹೊಗಳಿದರಂತೆ. ಇದನ್ನು ಅವಳೇ ನನಗೆ ಹೇಳಿ ನಕ್ಕಳು. ನಾನೂ ನಕ್ಕೆ.

ಆಮೇಲೆ ಅವಳು ತನ್ನ ಬಟ್ಟೆಗಳ ಗಂಟನ್ನೇ ತಂದು ನನ್ನ ಮುಂದೆ ಹಾಕಿದಳು. "ಎಲ್ಲ ಹಿಡಿದುಕೊಡಿ ಮಾಮ. ವಿಡಿಯೋದಲ್ಲಿ ಇದೆಯಲ್ಲ, ಹಾಗೆ."

ಕೆಲಸಕ್ಕೆ ಬಂದ ಬಟ್ಟೆಯ ಒಳಮೈಯಲ್ಲಿ ಸೀಮೆಸುಣ್ಣದಿಂದ ಹೆಸರು ಬರೆದುಕೊಳ್ಳುವುದು ನನ್ನ ರೂಢಿ, ಇಲ್ಲದಿದ್ದರೆ ಅದಲುಬದಲಾಗುತ್ತದೆ. ಗು ಎಂದು ಬರೆಯುವಷ್ಟರಲ್ಲಿ ಅವಳು ಕೈ ಹಿಡಿದಳು. "ಗುಂಡು ಅಂತ ಬರೀಬೇಡಿ ಮಾಮ. ಅಮ್ಮಂಗೂ ಹೇಳಿದ್ದೀನಿ, ಇನ್ಮೇಲೆ ಹಾಗೆ ಕರೀಬಾರ್ದು."

"ಮತ್ತೇನು ಬರೀಲಿ?"

"ಏನೂ ಬೇಡ. ಹಿಡಿದ್ಮೇಲೆ ಉಳಿದ ಬಟ್ಟೇನ ಕತ್ತರಿಸಿಬಿಡಿ. ಇನ್ನು ಬೇಕಾಗಲ್ಲ."

ಆಗಲಿ ಎಂದು ತಲೆಯಾಡಿಸಿದೆ. ಆದರೆ ಹಿಡಿದ ಬಟ್ಟೆಗೆ ನಾನು ಕತ್ತರಿ ಹಾಕುವುದಿಲ್ಲ, ಒಳಗೇ ಮಡಚಿ ಹೊಲಿದುಬಿಡುತ್ತೇನೆ. ಮನುಷ್ಯರ ಮೈ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಅವಳ ಬಟ್ಟೆಗೂ ಹಾಗೇ ಮಾಡಿದೆ, ಅವಳಿಗೆ ಹೇಳಲಿಲ್ಲ.

ಸ್ವಲ್ಪ ದಿನಕ್ಕೆ ಮತ್ತೆ ಬಂದಳು, ಇನ್ನೂ ಹಿಡಿಯಿರಿ ಎಂದಳು. ಈ ಸಲ ಟೇಪು ಸುತ್ತಿದಾಗ ಕೈಗೆ ಪಕ್ಕೆಲುಬು ಸಿಕ್ಕಿತು. ಮೆಟ್ಟಿಲ ಮೇಲಿನ ದಡದಡ ನಿಂತು ಯಾವ ಕಾಲವಾಯಿತು ಎಂದು ಆಗ ಹೊಳೆಯಿತು. ಟೀಗೆ ಧೂಳು ಬೀಳುತ್ತಿರಲಿಲ್ಲ. ಅವಳ ಬಿಳಿ ಬೂಟು ಅರ್ಧ ದಾರಿಯಲ್ಲಿ ನಿಂತು, ಕಂಬಿ ಹಿಡಿದು ಸುಧಾರಿಸಿಕೊಂಡು, ಮತ್ತೆ ಹತ್ತುತ್ತಿತ್ತು. ನನಗೆ ಸಿಟ್ಟು ಬಂತು. ಹುಡುಗಿಯ ಮೇಲೋ, ಫೋನಿನ ಮೇಲೋ, ಟೀ ಕುಡಿಯುತ್ತ ಕೂತಿದ್ದ ನನ್ನ ಮೇಲೋ ತಿಳಿಯದೆ ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿದೆ.

ಕ್ಲಿಪ್ಪಕ್ಕನಿಗೆ ಹೇಳಿದೆ. ಅವಳಿಗೆ ಗೊತ್ತಿತ್ತು. "ತಟ್ಟೆ ತಗೊಂಡು ರೂಮಿಗೆ ಹೋಗ್ತಾಳೆ ಮಾಸ್ಟ್ರೇ, ಓದ್ಕೊಂಡು ಊಟ ಮಾಡ್ತೀನಿ ಅಂತಾಳೆ. ಪಕ್ಕದ್ಮನೆ ಬೆಕ್ಕು ನೋಡಿದ್ರೆ ದಿನದಿನಕ್ಕೂ ಕೊಬ್ತಾ ಇದೆ. ಹಿಂದಿನ ಕಿಟಕಿ ಬಿಟ್ಟು ಕದಲಲ್ಲ." ಹೇಳುವಾಗ ನಗಲು ನೋಡಿದಳು, ಆಗಲಿಲ್ಲ.

ಮರುದಿನ ಅಂಗಡಿ ತೆರೆಯುವ ಮುಂಚೆ ತಾಯಿ ಮಗಳು ಬಂದು ನನ್ನ ತಲೆಯ ಮೇಲಿನ ಮೆಟ್ಟಿಲಲ್ಲೇ ಕೂತರು. ನಾನು ಕೆಳಗಿರುವುದು ಅವರಿಗೆ ಗೊತ್ತಿರಲಿಲ್ಲ. ಕೆಮ್ಮಬಹುದಿತ್ತು, ಕೆಮ್ಮಲಿಲ್ಲ.

"ಒಂದು ತುತ್ತು ತಿನ್ನು. ಬಟ್ಟೆ ತಪ್ಪು ಕಣೇ, ನಿಂದಲ್ಲ," ಎಂದಳು ತಾಯಿ.

"ಅದು ನೀನು ಗಿರಾಕಿಗೆಲ್ಲ ಹೇಳೋ ಮಾತಮ್ಮ."

"ನಿಜ ಅಂತಾನೇ ಹೇಳೋದು."

"ನಿಜ ಆದ್ರೆ ನಂಗ್ಯಾಕೆ ಕ್ಲಿಪ್ ಹಾಕ್ತೀಯ? ಹಾಗೇ ನಿಲ್ಲಿಸು ನೋಡೋಣ. ನಾನು ಹಾಗೇ ನಿಂತ್ರೆ ಚೆನ್ನಾಗಿ ಕಾಣಲ್ಲ ಅಂತ ನಿಂಗೂ ಗೊತ್ತು. ಅದಕ್ಕೇ ತಾನೇ ಕ್ಲಿಪ್ಪು?"

ಮಗಳ ಬೂಟು ಎದ್ದು ಹೋಯಿತು. ಬಹಳ ಹೊತ್ತು ಮೇಲಿನಿಂದ ಕಟಕಟ ಸದ್ದೇ ಬರಲಿಲ್ಲ. ಆಮೇಲೆ ಕ್ಲಿಪ್ಪಕ್ಕ ತನಗೆ ತಾನೇ ಎಂಬಂತೆ, "ವಿಡಿಯೋದ ಆ ಸೊಂಟ ಮಾಡಿದ್ದು ನಾನೇ ಅಲ್ವೇನೇ," ಎಂದದ್ದು ಕೇಳಿಸಿತು. ಕೇಳಿಸಿಕೊಳ್ಳಬಾರದಿತ್ತು ಎನ್ನಿಸಿತು.

ಅವಳು ಯಜಮಾನರ ಹತ್ತಿರ ಹೋಗಿ, ಮಗಳನ್ನು ಇನ್ನು ನಿಲ್ಲಿಸುವುದಿಲ್ಲ ಎಂದಳು. ಅಂಗಡಿಯ ವಾರ್ಷಿಕ ಸೇಲ್ ಬಾಗಿಲಲ್ಲಿತ್ತು. ಇದೊಂದು ಸಲ ಮುಗಿಯಲಿ ಎಂದರು ಅವರು. ಮಗಳನ್ನು ಕೇಳಿದರೆ ಅವಳೂ ನಿಲ್ಲಲೇಬೇಕು ಎಂದು ಹಟ ಹಿಡಿದಳು. ಇಬ್ಬರ ನಡುವೆ ಕ್ಲಿಪ್ಪಕ್ಕ ಒಬ್ಬಳೇ ಆದಳು.

ಸೇಲ್ ದಿನ ಹೊಸ ಗೊಂಬೆಗಳ ದಂಡೇ ಬಂದಿತ್ತು. ಕಪ್ಪು ಕ್ಲಿಪ್ಪುಗಳೆಲ್ಲ ಸೊಸೆಯರ ಬೆನ್ನಿಗೇ ಮುಗಿದುಹೋದವು. ಕ್ಲಿಪ್ಪಕ್ಕ ಮನೆಗೆ ಓಡಿ ಬಟ್ಟೆ ಒಣಗಿಸುವ ಹಗ್ಗದ ಕ್ಲಿಪ್ಪುಗಳನ್ನೇ ತಂದಳು, ಕೆಂಪು, ಹಳದಿ, ಹಸಿರು. ಹಿಂದಿನಿಂದ ಯಾರು ನೋಡುತ್ತಾರೆ ಎಂದು ಯಜಮಾನರೂ ಸುಮ್ಮನಾದರು. ಒಂದು ಗೌನಿನ ಅಂಚು ಕಿತ್ತುಹೋಗಿದ್ದರಿಂದ ನನ್ನನ್ನೂ ಸೂಜಿ ದಾರದೊಂದಿಗೆ ಮೇಲೆ ಕರೆಸಿದ್ದರು. ಪರದೆಯ ಒಂದು ಬದಿಗೆ ನಾನು, ಮರೆಯಲ್ಲಿ ಕ್ಲಿಪ್ಪಕ್ಕ, ಮುಂದೆ ದೀಪದ ಕಾವಿನಲ್ಲಿ ಅವಳ ಮಗಳು. ಫೋನಿನ ಹಿಂದೆ ನಿಂತ ಯಜಮಾನರು ದೊಡ್ಡ ದನಿಯಲ್ಲಿ ರಿಯಾಯಿತಿ ಸಾರುತ್ತಿದ್ದರು. ಇಷ್ಟು ಜನ ನಮ್ಮನ್ನು ಎಂದೂ ನೋಡಿರಲಿಲ್ಲವಂತೆ.

ಹುಡುಗಿ ನಗುತ್ತಿದ್ದಳು. ಮುಂದಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಹಿಂದೆ ನಿಂತ ತಾಯಿಗೆ ಮಾತ್ರ ಮಗಳ ಒಂದು ಕೈ ಬೆನ್ನ ಹಿಂದೆ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುವುದು ಕಂಡಿತು. ಅವಳು ಲೈವನ್ನೂ ಮರೆತಳು, ಮಗಳ ಅಪ್ಪಣೆಯನ್ನೂ ಮರೆತಳು.

"ಗುಂಡು," ಎಂದು ಕೂಗಿದಳು.

ಹುಟ್ಟಿದಾಗಿನಿಂದ ಆ ಕೂಗಿಗೆ ಓಗೊಟ್ಟ ಮೈ ಅದು. "ಏನಮ್ಮ," ಎನ್ನುತ್ತ ಹುಡುಗಿ ಪೂರ್ತಿ ಹಿಂದಕ್ಕೆ ತಿರುಗಿದಳು. ಕೆಂಪು, ಹಳದಿ, ಹಸಿರು, ಕುತ್ತಿಗೆಯಿಂದ ಸೊಂಟದ ತನಕ ಸಾಲಾಗಿ ಕಚ್ಚಿಕೊಂಡಿದ್ದ ಕ್ಲಿಪ್ಪುಗಳು ದುಂಡು ದೀಪದ ಬೆಳಕಿನಲ್ಲಿ ಝಗಝಗಿಸಿದವು. ಯಜಮಾನರು ಅಯ್ಯಯ್ಯೋ ಎಂದು ಫೋನು ಆರಿಸಲು ಹೋಗಿ, ಏನನ್ನೋ ಒತ್ತಿ, ಆ ಬೆನ್ನನ್ನೇ ಇನ್ನಷ್ಟು ದೊಡ್ಡದು ಮಾಡಿದರು.

ಅಷ್ಟರಲ್ಲಿ ಹುಡುಗಿ ಕುಸಿದಳು. ನಾನೂ ತಾಯಿಯೂ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂರಿಸಿದೆವು. ಕ್ಲಿಪ್ಪಕ್ಕ ಮುಖಕ್ಕೆ ನೀರು ಚಿಮುಕಿಸಿ, ಬೆನ್ನಿನ ಒಂದೊಂದೇ ಕ್ಲಿಪ್ಪು ಕಿತ್ತು ಜೇಬಿಗೆ ಹಾಕಿಕೊಳ್ಳತೊಡಗಿದಳು. ಒಂದೊಂದು ಕಿತ್ತಾಗಲೂ ಗೌನು ಅಷ್ಟಷ್ಟು ಸಡಿಲವಾಗಿ, ಕೊನೆಗೆ ಗೋಣಿಚೀಲದ ಹಾಗೆ ಇಳಿಬಿದ್ದಿತು. ಅವಳು ಕೋಟಿನ ಒಳಜೇಬಿನಿಂದ ಬಾಳೆಹಣ್ಣು ತೆಗೆದು ಸುಲಿದು ಮಗಳ ಬಾಯಿಗಿಟ್ಟಳು.

"ಬಟ್ಟೆ ತಪ್ಪು ಕಣೇ, ನಿಂದಲ್ಲ. ನಂದೂ ತಪ್ಪು. ಈ ಹಾಳು ಕ್ಲಿಪ್ಪು ಹಾಕಿದ್ದು ನಾನು. ನೀನು ನಂಗೆ ಹೇಗಿದ್ರೂ ಚಂದವೇ, ತಿನ್ನು," ಎಂದಳು. ಅಳುತ್ತಿದ್ದಳು. ಫೋನು ಇನ್ನೂ ನಡೆಯುತ್ತಲೇ ಇತ್ತು. ಅವಳ ಸುಕ್ಕನ್ನು ಅದು ಒರೆಸುತ್ತಿತ್ತು, ಕಣ್ಣೀರನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ.

ಯಜಮಾನರು ನಾಳೆಯಿಂದ ಬರಬೇಡ ಎಂದರು. ಅವಳು ಆಯಿತು ಸಾರ್ ಎಂದು ಕೋಟು ಬಿಚ್ಚಿಟ್ಟು, ಮಗಳನ್ನು ಕರೆದುಕೊಂಡು ಹೋದಳು. ಮರುದಿನ ಬಾಗಿಲು ತೆಗೆಯುವ ಮುಂಚೆ ಹುಡುಗಿಯರ ಗುಂಪು. ಅಂಗಡಿಯ ಕಥೆ ಮುಗಿಯಿತು ಎಂದು ಯಜಮಾನರು ಬೆವರಿದರು. ಬಂದವರಲ್ಲಿ ಒಬ್ಬಳು ಹಿಂದೊಂದು ಲೈವಿನಲ್ಲಿ ಕೊಂಡ ನೀಲಿ ಗೌನು ಹಿಡಿದಿದ್ದಳು. "ಇದು ನಂಗೆ ಯಾಕೆ ಹಾಗೆ ಕಾಣಲ್ಲ ಅಂತ ಅತ್ತಿದ್ದೆ ಅಂಕಲ್. ನಿನ್ನೆ ಗೊತ್ತಾಯ್ತು. ಆ ಆಂಟಿ ಎಲ್ಲಿ?" ಎಂದಳು. ಉಳಿದವರೂ ಆ ಆಂಟಿಯನ್ನೇ ಕೇಳಿದರು. ಯಜಮಾನರು ವ್ಯಾಪಾರಸ್ಥರು, ಕೋಟು ಕೊಟ್ಟು ನನ್ನನ್ನೇ ಅವಳ ಮನೆಗೆ ಓಡಿಸಿದರು. ಬರಬೇಡ ಎಂದದ್ದನ್ನು ಆಮೇಲೆ ಯಾರೂ ಎತ್ತಲಿಲ್ಲ. ಆ ವಾರ ನಾನು ಮಿಷನ್ನಿನಿಂದ ತಲೆ ಎತ್ತಿದ್ದಿಲ್ಲ.

ಕ್ಲಿಪ್ಪಕ್ಕ ಮತ್ತೆ ಸ್ಟೂಲಿನ ಮೇಲೆ ಕೂತಳು, ಆದರೆ ಮುಖದಲ್ಲಿ ಕಳೆಯಿರಲಿಲ್ಲ. ಮಗಳು ಮಾತು ಬಿಟ್ಟಿದ್ದಳು. ಊರಿಗೆಲ್ಲ ಆ ಹೆಸರು ಗೊತ್ತಾಗಿತ್ತು, ಕಾಲೇಜಿನಲ್ಲಿ ಕಾರಿಡಾರಿನ ಆ ತುದಿಯಿಂದ ಗುಂಡೂ ಎಂದು ಕೂಗುತ್ತಿದ್ದರಂತೆ. ತಟ್ಟೆ ಮಾತ್ರ ರೂಮಿಗೆ ಹೋಗುತ್ತಿರಲಿಲ್ಲ. ಅಡುಗೆಮನೆಯಲ್ಲೇ ಗೋಡೆಗೆ ಮುಖ ಮಾಡಿ ಕೂತು, ಸ್ವಲ್ಪ ಸ್ವಲ್ಪವೇ ತಿನ್ನುತ್ತಿದ್ದಳಂತೆ. ಡಾಕ್ಟರ ಹತ್ತಿರವೂ ಹೋಗಿಬಂದರು. "ಬೈದ್ರೂ ಸಾಕು ಮಾಸ್ಟ್ರೇ, ಬಾಯಿ ಬಿಟ್ಟು ಬೈಲಿ," ಎನ್ನುತ್ತಿದ್ದಳು ತಾಯಿ. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಟೀ ತರಿಸಿಕೊಟ್ಟೆ.

ದಿನಗಳು ಕಳೆದವು. ಒಂದು ಮಧ್ಯಾಹ್ನ ನನ್ನ ಮಿಷನ್ನಿನ ಮೇಲೆ ಬಟ್ಟೆಯ ಗಂಟೊಂದು ಬಂದು ಬಿತ್ತು. ತಲೆಯೆತ್ತಿದರೆ ಅವಳು. ಬೆನ್ನ ಮೇಲೆ ಬ್ಯಾಗಿಲ್ಲ, ಕೈಯಲ್ಲಿ ಡಬ್ಬಿ ಇದೆ.

"ಮಾಮ, ಇವನ್ನ ಬಿಡಿಸೋಕೆ ಆಗಲ್ಲ ಅಲ್ವಾ? ಕತ್ತರಿಸಿ ಅಂತ ನಾನೇ ಹೇಳಿಬಿಟ್ಟಿದ್ದೆ," ಎಂದಳು. ದನಿ ಸಣ್ಣಗಿತ್ತು.

ಒಂದು ಟಾಪನ್ನು ತಿರುವಿಹಾಕಿ ಒಳಮೈ ತೋರಿಸಿದೆ. ಮಡಚಿ ಹೊಲಿದ ಬಟ್ಟೆ ಹಾಗೇ ಇತ್ತು, ಇಷ್ಟೂ ಹೋಗಿರಲಿಲ್ಲ. ಅವಳು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದಳು, ನನ್ನನ್ನೂ ನೋಡಿದಳು. ನಾನು ಕನ್ನಡಕ ಸರಿ ಮಾಡಿಕೊಂಡು ಸೀಮೆಸುಣ್ಣ ಹುಡುಕಿದೆ.

"ಹೆಸರು ಏನು ಬರ್ಕೊಳ್ಲಿ?"

ಅವಳು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಮೇಲೆ ಕಟಕಟ ಸದ್ದು ಮೆಟ್ಟಿಲ ತುದಿಯ ತನಕ ಬಂದು ನಿಂತಿತ್ತು.

"ಗುಂಡು ಅಂತಾನೇ ಬರೀರಿ," ಎಂದಳು, ಮೇಲಿನವರಿಗೂ ಕೇಳುವ ಹಾಗೆ. ಆಮೇಲೆ ದಡದಡ ಮೆಟ್ಟಿಲು ಹತ್ತಿ ಹೋದಳು. ನನ್ನ ಟೀ ತುಂಬ ಧೂಳು ಬಿತ್ತು, ನಾನು ಅದನ್ನು ಹಾಗೇ ಕುಡಿದೆ.